ಬೇಜಾರು ಅಂದರೆ

2012 ಜೂನ್ 18, ಬೆಳಿಗ್ಗೆ 9.40

ಇಡ್ಲಿ ಮೂರು, ಮೇಲೆ ಸಕ್ಕರೆ, ನೀರಿನ ಬಾಟಲಿ, ಕರ್ಚೀಫಿಗೆ ಪಿನ್ನು. ಎಂಟೂವರೆಗೆ ವ್ಯಾನು. ಮಗಳು ಮೌನ ಇವತ್ತೂ ಅಳಲಿಲ್ಲ. ಅತ್ತಿದ್ದರೆ ವಾಸಿಯಿತ್ತು. ತುಟಿ ಬಿಗಿದುಕೊಂಡು ಹತ್ತಿ ಕೂತಳು, ನನ್ನ ಕಡೆ ತಿರುಗಲೂ ಇಲ್ಲ. ಈ ತಮಿಳು ಊರಿನಲ್ಲಿ ಎಲ್‌ಕೆಜಿಗೆ ಹಾಕಿ ಎರಡು ವಾರ ಆಯಿತು. ಸಂಜೆ ಮಿಸ್ಸು ನಮ್ಮಿಬ್ಬರನ್ನೂ ಬರಹೇಳಿದ್ದಾರೆ. ಇವರು ರೈಲ್ವೆ ಆಫೀಸಿನಲ್ಲಿ ಪರ್ಮಿಷನ್ ಕೇಳಿದ್ದಾರಂತೆ. ಅಷ್ಟರೊಳಗೆ ಕೆಳಗಿನ ಮನೆಯವರ ಎರಡು ಬ್ಲೌಸಿಗೆ ಹುಕ್ಕು ಹಾಕಬೇಕು.

ಅದೇ ದಿನ, ಸಂಜೆ 6.30

ಮಿಸ್ಸು ಒಳ್ಳೆಯವರೇ. ನಗುನಗುತ್ತ ತಮಿಳಿನಲ್ಲಿ ಮಾತಾಡಿದರು, ಇವರು ನನಗೆ ಕನ್ನಡ ಮಾಡಿ ಹೇಳಿದರು. ಮಗು ಎರಡು ವಾರದಿಂದ ಬಾಯಿ ಬಿಟ್ಟಿಲ್ಲ, ಬಾತ್‌ರೂಮಿಗೆ ಹೋಗಬೇಕೆಂದೂ ಹೇಳುವುದಿಲ್ಲ, ಹಾಗೇ ಒದ್ದೆ ಮಾಡಿಕೊಂಡು ಕೂತಿರುತ್ತಾಳೆ ಎಂದರು. ಮನೆಯಲ್ಲಿ ಯಾವ ಭಾಷೆ? ಕನ್ನಡ ಎಂದೆ. "ಅದೇ ಪ್ರಾಬ್ಲಂ. ಬೇಬಿ ಕನ್‌ಫ್ಯೂಸ್ ಆಗಿದಾಳೆ. ಇನ್ನು ಮೇಲೆ ಒಂದೇ ಭಾಷೆ. ತಮಿಳು, ಇಲ್ಲಾಂದ್ರೆ ಇಂಗ್ಲಿಷ್." ಬರುವಾಗ ತಮಾಷೆ ಬೇರೆ — ಮೌನ ಅಂತ ಹೆಸರಿಟ್ಟು ಮಾತಾಡು ಅಂದ್ರೆ ಹೆಂಗೆ ಅಂತ.

ಮನೆಗೆ ಬಂದು ಇವರು ಷರಟು ಕೂಡ ಬಿಚ್ಚಲಿಲ್ಲ. "ಇವತ್ತಿಂದ ಮಗು ಹತ್ರ ಕನ್ನಡ ಬೇಡ ನಾಗೂ. ಒಂದ್ ವರ್ಷ ಅಷ್ಟೇ. ಆಮೇಲ್ ನೋಡ್ಕಳ್ಳಣ."

"ನಂಗ್ ತಮಿಳೆಲ್ ಬತ್ತದೆ?"

"ತರಕಾರಿ ತಗೋತೀಯಲ್ಲ, ಅಷ್ಟ್ ಸಾಕು."

ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ. ಸರಿ ಎಂದೆ. ಕೂತು ಲೆಕ್ಕ ಹಾಕಿದೆ. ನನಗೆ ಬರುವ ತಮಿಳು ಮಾತು ಒಟ್ಟು ನಲವತ್ತು. ಅದರಲ್ಲಿ ಹನ್ನೊಂದು ಸೊಪ್ಪಿನ ಹೆಸರು.

ಜೂನ್ 22, ಮಧ್ಯಾಹ್ನ 3

ಕಥೆ ಬೇಕೆಂದಳು. ನನ್ನವ್ವ ಹೇಳುತ್ತಿದ್ದ ಹುಲಿಯ ಕಥೆ. ಕನ್ನಡದಲ್ಲಾದರೆ ಅರ್ಧ ಗಂಟೆಯ ಕಥೆ ಅದು. ಹುಲಿ ಹೊಂಚು ಹಾಕುತ್ತದೆ, ಮುದುಕಿ ನೈಸು ಮಾಡುತ್ತಾಳೆ, ಹುಲಿ ಮರುಳಾಗುತ್ತದೆ... ತಮಿಳಿನಲ್ಲಿ ಹೊಂಚು ಹಾಕುವುದಕ್ಕೆ ಏನನ್ನುತ್ತಾರೋ. "ಪುಲಿ ವಂದುಚ್ಚು. ಸಾಪ್ಟುಚ್ಚು. ಪೋಯಿಡುಚ್ಚು" ಎಂದೆ. ಹುಲಿ ಬಂತು, ತಿಂತು, ಹೋಯಿತು.

"ಅಪ್ಪುರಂ?" ಎಂದಳು. ಆಮೇಲೆ?

ಆಮೇಲೆ ಏನೂ ಇಲ್ಲ. ಮಲಗು ಎಂದೆ. ಆ ಮಾತು ನನಗೆ ಗೊತ್ತಿತ್ತು.

ಆಗಸ್ಟ್ 14

ಕ್ಲಾಸಿನಲ್ಲಿ ಮಾತಾಡಿದಳಂತೆ! ಬಾಲ್ ನನ್ನದು ಎಂದು ಜಗಳವನ್ನೇ ಆಡಿದಳಂತೆ. ಮಿಸ್ಸು ವ್ಯಾನಿನವನ ಕೈಲಿ ಚೀಟಿ ಕಳಿಸಿದ್ದಾರೆ, ಮೇಲೆ ಸ್ಟಾರ್ ಅಂಟಿಸಿ. ಇವರು ಜಿಲೇಬಿ ತಂದರು. "ನೋಡ್ದಾ? ಮಿಸ್ಸು ಹೇಳಿದ್ದು ಕರೆಕ್ಟು." ಕರೆಕ್ಟೇ ಇರಬೇಕು. ನಾನೂ ಎರಡು ತಿಂದೆ.

2015 ಏಪ್ರಿಲ್ 27

ಒಂದು ವರ್ಷ ಅಂದಿದ್ದು ಮೂರಾಯಿತು. ಅವ್ವ ಊರಿನಿಂದ ಬಂದು ಐದು ದಿನ. ಇವತ್ತು ಬಸ್ಸು ಹತ್ತಿಸಿ ಬಂದೆ. ಹದಿನೈದು ದಿನ ಇರುತ್ತೇನೆಂದು ಬಂದವಳು. "ಕೂಸು ನನ್ ಕಂಡ್ರೆ ನೆಂಟರ್ ಕಂಡಂಗ್ ನಗ್ತದೆ ಕಣವ್ವ. ಎರಡ್ ಮಾತಾಡಿ ಓಡೋಯ್ತದೆ. ನಾನೇನ್ ಮಾಡ್ಲಿ ಇಲ್ ಕೂತ್ಕಂಡು" ಎಂದಳು. ನಮ್ಮವ್ವ ಪುಟ್ಟತಾಯಮ್ಮ ಎಂದರೆ ನಮ್ಮ ಬೀದಿಯ ಅರ್ಧ ಮಕ್ಕಳನ್ನು ಎತ್ತಿ ಆಡಿಸಿದವಳು. ಸ್ವಂತ ಮೊಮ್ಮಗಳ ಎದುರು ಕೈಕಟ್ಟಿ ಕೂತಿದ್ದಳು.

ಸಂಜೆ ಇವರ ಮೇಲೆ ಹಾರಾಡಿದೆ. "ಒಂದ್ ವರ್ಷ ಅಂದಿದ್ರಿ." ಇವರು, "ಫಸ್ಟ್ ಸ್ಟ್ಯಾಂಡರ್ಡ್‌ನಲ್ಲಿ ಫಸ್ಟ್ ಬಂದ್ಲಲ್ಲ, ಈಗ್ಯಾಕ್ ಕಲಸ್ತೀಯ" ಎಂದರು. ಅಲ್ಲಿಂದ ಶುರುವಾಗಿದ್ದು ಅವರಮ್ಮ, ನಮ್ಮಣ್ಣ, ಮದುವೆಯಲ್ಲಿ ಕೊಟ್ಟ ವಾಚು, ಎಲ್ಲಕ್ಕೂ ಹೋಯಿತು. ನಮ್ಮ ಜಗಳಕ್ಕೆ ಮಾತ್ರ ಅಚ್ಚ ಕನ್ನಡವೇ ಆಗಬೇಕು. ತಮಿಳಿನಲ್ಲಿ ಆಡಿದರೆ ನನಗೆ ಸೋಲು ಗ್ಯಾರಂಟಿ. ಮೌನ ಚಪ್ಪಲಿ ಮೆಟ್ಟಿಕೊಂಡು ಕೆಳಗೆ ಓನರ್ ಮರಗದಂ ಅಕ್ಕನ ಮನೆಗೆ ಹೋದಳು. ಮುಗಿದ ಮೇಲೆ ಬಂದಳು.

2018 ಜುಲೈ 7, ಮಧ್ಯಾಹ್ನ 12

ಪೇರೆಂಟ್ಸ್ ಮೀಟಿಂಗಿಗೆ ಸೀರೆ ಇಸ್ತ್ರಿ ಮಾಡುತ್ತಿದ್ದೆ. ಬಂದು ನಿಂತಳು. ಅಪ್ಪ ಬಂದರೆ ಸಾಕು ಎಂದಳು. (ಅವಳು ಹೇಳುವುದೆಲ್ಲ ತಮಿಳಿನಲ್ಲಿ. ಬರೆಯುವಾಗ ನನ್ನ ಕೈ ಕನ್ನಡ ಮಾಡಿಬಿಡುತ್ತದೆ.)

ಯಾಕೆ? — ನೀನು ಮಾತಾಡಿದರೆ ಹಿಂದೆ ಕೂತವರು ನಗುತ್ತಾರೆ.

ಹತ್ತು ವರ್ಷದ ಮಗು. ಸುಳ್ಳು ಹೇಳಲಿಲ್ಲ. ನನ್ನ ತಮಿಳು ಕೇಳಿದರೆ ನನಗೇ ನಗು ಬರುತ್ತದೆ. ನಕ್ಕುಬಿಟ್ಟೆ. ಇವರು ಹೋದರು. ಆಮೇಲೆ ಅವಳ ಬ್ಯಾಗಿನಲ್ಲಿ ಸ್ಕೂಲಿನ ಫಾರಂ ಸಿಕ್ಕಿತು. ಮಾತೃಭಾಷೆ ಎನ್ನುವ ಕಡೆ ತಾನೇ ದುಂಡಗೆ 'ತಮಿಳ್' ಎಂದು ತುಂಬಿದ್ದಾಳೆ. ಮಾತೃವನ್ನು ಒಂದು ಮಾತು ಕೇಳಬಹುದಿತ್ತು. ಮೆಷಿನ್ನಿಗೆ ಕೂತೆ. ಎರಡು ಸೂಜಿ ಮುರಿದವು.

2020 ಮೇ

ತಾರೀಕು ಯಾವುದೋ. ಲಾಕ್‌ಡೌನ್. ಮೂವರೂ ಮನೆಯಲ್ಲೇ. ಬ್ಲೌಸು ಇಲ್ಲ, ಜಗಳ ಇದೆ. ಮೌನ ಹೆಡ್‌ಫೋನ್ ಹಾಕಿಕೊಂಡಿರುತ್ತಾಳೆ.

2022 ನವೆಂಬರ್ 8, ಸಂಜೆ 5

ಒಳ್ಳೆಯ ದಿನ. ಬರೆಯಲೇಬೇಕು. ಹೊಸ ಗಿರಾಕಿ, ತಂಡಯಾರ್‌ಪೇಟೆಯವರು, ಮರಗದಂ ಅಕ್ಕ ಹೇಳಿ ಕಳಿಸಿದ್ದು. ಜೊತೆಗೆ ಮಗಳು ಅನು. ಯೂನಿಫಾರಂ ನೋಡಿ ಗೊತ್ತಾಯಿತು, ಮೌನಳ ಸ್ಕೂಲು. ಕೇಳಿದರೆ ಮೌನಳ ಕ್ಲಾಸೇ, ಒಂಬತ್ತನೆಯ ಸಿ! ಗೋಡೆಯ ಮೇಲಿನ ನಮ್ಮ ಮೂವರ ಫೋಟೋ ತೋರಿಸಿ "ಎನ್ ಪೊಣ್ಣು" ಎಂದೆ. ನನ್ನ ಮಗಳು. ಆ ಹುಡುಗಿ ಫೋಟೋ ನೋಡಿತು, ನನ್ನನ್ನು ನೋಡಿತು, ಏನೂ ಹೇಳಲಿಲ್ಲ. ನಾಚಿಕೆ ಇರಬೇಕು. ಕಾಫಿ ಕೊಟ್ಟೆ, ಕೋಡುಬಳೆ ಕಟ್ಟಿಕೊಟ್ಟೆ. ಮೌನ ಟ್ಯೂಷನ್ನಿಗೆ ಹೋಗಿದ್ದಳು. ಹೈಸ್ಕೂಲಿಗೆ ಬಂದ ಮೇಲೆ ಅವಳ ಒಬ್ಬ ಫ್ರೆಂಡ್ ಕೂಡ ಮನೆಗೆ ಬಂದಿರಲಿಲ್ಲ. ಇವತ್ತು ಬಂದಂತಾಯಿತು.

ಅದೇ ದಿನ, ರಾತ್ರಿ 9

ಮೌನ ಬಂದ ಮೇಲೆ ಹೇಳಿದೆ. ಬಿಳಿಚಿಕೊಂಡಳು. ಊಟ ಬೇಡ ಎಂದು ಬಾಗಿಲು ಹಾಕಿಕೊಂಡಳು. ಏನು ಮಾಡಿದರೂ ತಪ್ಪು ಈ ವಯಸ್ಸಿಗೆ.

ನವೆಂಬರ್ 21, ಬೆಳಿಗ್ಗೆ 10

ಮರಗದಂ ಅಕ್ಕ ನಸುಕಿಗೆ ಕಾಸಿಮೇಡಿನ ಹರಾಜಿಗೆ ಹೋಗಿ, ಮೀನು ಮಾರಿ, ಒಂಬತ್ತಕ್ಕೆ ಬಂದು ಕಾಲು ತೊಳೆದುಕೊಂಡು ಮೇಲೆ ಬಂದಳು. ಅವಳ ಮೊಮ್ಮಗಳು ಅದೇ ಸ್ಕೂಲಿನಲ್ಲಿ ಎಂಟನೆಯದು. ಹೇಳಲೋ ಬೇಡವೋ ಎಂದು ಸೆರಗು ಹಿಂಡುತ್ತಿದ್ದಳು. ಕೊನೆಗೆ ಹೇಳಿದಳು.

ಮೌನ ಎರಡು ವಾರದಿಂದ ನೀರಿನ ಟ್ಯಾಂಕಿನ ಹಿಂದೆ ಒಬ್ಬಳೇ ಕೂತು ಊಟ ಮಾಡುತ್ತಾಳೆ. ಅನು ಮತ್ತು ಉಳಿದವರು ಅವಳನ್ನು ವಾಟ್ಸಾಪ್ ಗ್ರೂಪಿನಿಂದ ತೆಗೆದಿದ್ದಾರೆ. ಸುಳ್ಳಿ ಎಂದು ಕರೆಯುತ್ತಾರೆ. ಯಾಕೆಂದರೆ — ಒಮ್ಮೆ ಮಾರ್ಕೆಟ್ಟಿನಲ್ಲಿ ನಾನು ಫೋನಿನಲ್ಲಿ ಅವ್ವನ ಹತ್ತಿರ ಜೋರಾಗಿ ಕನ್ನಡದಲ್ಲಿ ಮಾತಾಡುತ್ತಿದ್ದಾಗ, ಅನು ಪಕ್ಕದಲ್ಲಿದ್ದ ಮೌನಳನ್ನು ಇವರು ಯಾರು ಎಂದು ಕೇಳಿದ್ದಳಂತೆ. ಮೌನ, ನಮ್ಮ ಟೈಲರ್ ಆಂಟಿ ಎಂದಿದ್ದಳಂತೆ. ಅಮ್ಮ ಬ್ಯಾಂಕಿನಲ್ಲಿದ್ದಾರೆ, ನಾವು ಮೈಲಾಪೂರದ ತಮಿಳರು ಎಂದೂ ಹೇಳಿಕೊಂಡಿದ್ದಳಂತೆ.

ಆಮೇಲೆ ಅನು ಟೈಲರ್ ಆಂಟಿಯ ಮನೆಗೇ ಬಂದಳು. ಟೈಲರ್ ಆಂಟಿ ಫೋಟೋ ತೋರಿಸಿ, ಕೋಡುಬಳೆ ಬೇರೆ ಕಟ್ಟಿಕೊಟ್ಟಳು.

ಅದೇ ದಿನ, ಸಂಜೆ 5.30

ಕೋಪ ಬರಲಿಲ್ಲ ಎಂದರೆ ಸುಳ್ಳು. ಮಧ್ಯಾಹ್ನದ ತನಕ ಬಂತು. ಆಮೇಲೆ ಆ ಟ್ಯಾಂಕು ಕಣ್ಣಿಗೆ ಬರತೊಡಗಿತು. ಬೆಳಿಗ್ಗೆ ನಾನೇ ಕಟ್ಟಿಕೊಟ್ಟ ಡಬ್ಬಿ, ಅದನ್ನು ತೊಡೆಯ ಮೇಲಿಟ್ಟುಕೊಂಡು ಒಬ್ಬಳೇ. 

ಸ್ಕೂಲಿನಿಂದ ಬಂದವಳ ಪಕ್ಕ ಕೂತೆ. ಎಷ್ಟೋ ಹೇಳಬೇಕಿತ್ತು. ಟೈಲರ್ ಎನ್ನುವುದಾದರೆ ಎನ್ನು, ಹೋಗಲಿ, ನೀನು ಒಬ್ಬಳೇ ಕೂರುವುದು ನನ್ನಿಂದ ಸಹಿಸಲಾಗುವುದಿಲ್ಲ, ನಿನ್ನನ್ನು ನೆನೆದು ನನಗೆ ಬೇಜಾರಾಗಿದೆ ಎಂದು. ಇಷ್ಟು ವರ್ಷದಲ್ಲಿ ನನ್ನ ತಮಿಳು ನಲವತ್ತರಿಂದ ನಾಲ್ಕು ಸಾವಿರ ಆಗಿರಬಹುದು. ಆದರೆ ಅವೆಲ್ಲ ತಿನ್ನು, ಏಳು, ಓದು, ಅಳತೆ ಕೊಡು, ಬಟ್ಟೆಗೆ ಶುಕ್ರವಾರ ಬಾ. ಇದಕ್ಕೆ ಬೇಕಾದ ಮಾತು ಅಲ್ಲಿ ಇರಲಿಲ್ಲ. ಕೈಗೆ ಸಿಕ್ಕಿದ್ದನ್ನು ಜೋಡಿಸಿ ಹೇಳಿದೆ: "ಉನ್ನಾಲೆ ಎನಕ್ಕು ರೊಂಬ ಬೇಜಾರು." ನಿನ್ನಿಂದ ನನಗೆ ತುಂಬ ಬೇಜಾರು.

ನನ್ನನ್ನೇ ನೋಡಿದಳು. ಕಣ್ಣಲ್ಲಿ ನೀರು ತುಂಬಿತು. ನಾಟಿತು ಎಂದುಕೊಂಡೆ. ಬೆನ್ನ ಮೇಲೆ ಕೈ ಇಡಹೋದೆ. ಎದ್ದು ಹೋದಳು.

ನವೆಂಬರ್ 24

ಮೂರು ದಿನ. ಒಂದು ಮಾತಿಲ್ಲ. ಮರಗದಂ ಅಕ್ಕನಿಗೆ ಹೇಳಿದೆ, ಸಮಾಧಾನ ಮಾಡಲು ಹೋದರೆ ಹೀಗೆ ಎಂದು. ಏನಂದೆ ಎಂದು ಕೇಳಿದಳು. ಹೇಳಿದೆ. ಅಕ್ಕ ಹಣೆ ಹಣೆ ಬಡಿದುಕೊಂಡಳು. "ಇನ್ನಾಮ್ಮಾ, ಇಪ್ಡಿಯಾ ಸೊಲ್ಟೆ?" ಹೀಗಾ ಹೇಳಿದೆ?

ಬೇಜಾರು ಇವರಲ್ಲೂ ಇದೆ. ಆದರೆ ದುಃಖ ಅಲ್ಲ. ನಲ್ಲಿಯಲ್ಲಿ ನೀರು ಬಾರದಿದ್ದರೆ ಬೇಜಾರು. ಬಸ್ಸು ನಡುದಾರಿಯಲ್ಲಿ ನಿಂತರೆ ಬೇಜಾರು. ಕುಡಿದು ಬಂದು ಬಾಗಿಲು ಬಡಿಯುವ ಗಂಡ ಬೇಜಾರು. ತಲೆನೋವು, ಪೀಡೆ, ರಗಳೆ. ಹದಿನಾಲ್ಕು ವರ್ಷದ ಮಗಳ ಪಕ್ಕ ಕೂತು, ಅದೂ ಆ ದಿನ, ನೀನು ನನಗೆ ದೊಡ್ಡ ಪೀಡೆ ಎಂದು ಹೇಳಿ ಬಂದಿದ್ದೇನೆ.

ಹತ್ತು ವರ್ಷದಿಂದ ಈ ಊರಿನಲ್ಲಿ ಆ ಮಾತು ಕೇಳುತ್ತಲೇ ಇದ್ದೆ. ನಮ್ಮದೇ ಎಂದುಕೊಂಡಿದ್ದೆ.

ನವೆಂಬರ್ 25

ಹೇಳಲು ಹೋದೆ. ಕನ್ನಡದಲ್ಲಿ ಬೇಜಾರು ಅಂದರೆ ಬೇರೆ, ಅದು ಹಾಗಲ್ಲ, ನಾನು ಅಂದಿದ್ದು... "ವಿಡುಮ್ಮಾ" ಎಂದಳು. ಬಿಡಮ್ಮಾ. ಸಿಟ್ಟಿನಿಂದಲೂ ಅಲ್ಲ. ಪುಸ್ತಕದಿಂದ ತಲೆ ಎತ್ತದೆ, ಮೆಲ್ಲಗೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. 

2024 ಮೇ 10

ಎಸ್‌ಎಸ್‌ಎಲ್‌ಸಿ ರಿಸಲ್ಟು. ಐನೂರಕ್ಕೆ ನಾನೂರ ಐವತ್ತೆಂಟು. ತಮಿಳಿನಲ್ಲಿ ತೊಂಬತ್ತೇಳು. ಅಪ್ಪನಿಗೆ ಆಫೀಸಿಗೆ ಫೋನ್ ಮಾಡಿ ಹೇಳಿದಳು. ನಾನು ಪಕ್ಕದ ರೂಮಿನಲ್ಲಿ ಕಾಜಾ ಹೊಲಿಯುತ್ತಿದ್ದೆ. ಇವರು ನನಗೆ ಫೋನ್ ಮಾಡಿ ಹೇಳಿದರು.

ಡಿಸೆಂಬರ್ 12, ಬೆಳಿಗ್ಗೆ 8.50

ಹೊಟ್ಟೆನೋವಂತೆ. ಸ್ಕೂಲಿಗೆ ಹೋಗಲಿಲ್ಲ. ಈ ವಾರ ಎರಡನೆಯ ಸಲ. ಹನ್ನೊಂದನೆಯದರಲ್ಲೂ ಅನು ಅವಳದೇ ಕ್ಲಾಸು, ಊಟ ಇನ್ನೂ ಟ್ಯಾಂಕಿನ ಹಿಂದೆಯೇ ಅಂತೆ.

ಡಿಸೆಂಬರ್ 19

ಹೊಟ್ಟೆನೋವು.

2025 ಜನವರಿ 21, ಮಧ್ಯಾಹ್ನ 1

ಪೊಂಗಲ್ ರಜೆ ಮುಗಿದು ಸ್ಕೂಲು ಶುರುವಾಗಿದೆ. ಹೋಗಿಲ್ಲ. ಸ್ಕ್ಯಾನ್ ಆಯಿತು, ರಕ್ತ ಪರೀಕ್ಷೆ ಆಯಿತು. ಡಾಕ್ಟರು ಹೊಟ್ಟೆಯಲ್ಲಿ ಏನೂ ಇಲ್ಲ, ಸ್ಕೂಲಲ್ಲಿ ಏನಾದರೂ ತೊಂದರೆ ಇದೆಯಾ, ಕೂತು ಮಾತಾಡಿ ಎಂದರು. ಇಂಗ್ಲಿಷಿನಲ್ಲಿ ಹೇಳಿದ್ದು: ಟಾಕ್ ಟು ಹರ್. ಎರಡು ಮಾತ್ರೆ ಬರೆದಂತೆ ಹೇಳಿದರು.

ಇವರು ಒಂದು ದಿನ ಗದರಿದರು, ಒಂದು ದಿನ ಹೊಸ ಫೋನು ಕೊಡಿಸುತ್ತೇನೆಂದರು, ಒಂದು ದಿನ ಬಾಗಿಲ ಹೊರಗೆ ಕುಕ್ಕರುಗಾಲಲ್ಲಿ ಕೂತರು. ಅವಳು ಜಗಳವಾಡುವುದಿಲ್ಲ. ಸರಿಪ್ಪಾ ಎನ್ನುತ್ತಾಳೆ. ಬೆಳಿಗ್ಗೆ ಯೂನಿಫಾರಂ ಹಾಕುತ್ತಾಳೆ, ಷೂ ಹಾಕುತ್ತಾಳೆ. ಬಾಗಿಲ ಹತ್ತಿರ ಬಂದು ನಿಂತುಬಿಡುತ್ತಾಳೆ.   ನಾನೇ ಷೂ ಬಿಚ್ಚುತ್ತೇನೆ. ಷೂ ಬಿಚ್ಚುವಾಗ ತಲೆ ಎತ್ತಿ ಏನಾದರೂ ಹೇಳಬೇಕು ಎನಿಸುತ್ತದೆ. ಏನು ಹೇಳಿದರೆ ಏನಾಗಿಬಿಡುವುದೋ ಎಂದು ಹೆದರಿಕೆ. ಸಾಪ್ಟಿಯಾ ಎಂದು ಕೇಳುತ್ತೇನೆ. ಊಟ ಆಯಿತೇ? ಅದೊಂದು ಮಾತಿನಲ್ಲಿ ಅಪಾಯ ಇಲ್ಲ.

ಫೆಬ್ರವರಿ 3

ಇವತ್ತು ಮಾರ್ಕೆಟ್ಟಿನಲ್ಲಿ ಒಬ್ಬ ಅಮ್ಮ, ಅವಳ ಮಗಳು, ಹದಿನಾರೇ ಇರಬೇಕು. ಬೆಂಡೆಕಾಯಿ ಮುರಿದು ನೋಡುತ್ತ ಇಬ್ಬರೂ ಏನೋ ಮಾತಾಡಿ ನಗುತ್ತಿದ್ದರು. ಏನೂ ವಿಶೇಷವಿಲ್ಲ, ಯಾರೋ ಅತ್ತೆಯ ಮೂಗಿನ ವಿಷಯ. ಬೆಂಡೆಕಾಯಿ ತೆಗೆದುಕೊಳ್ಳದೆ ಬಂದೆ. ಹೊಟ್ಟೆಕಿಚ್ಚು ಎಂದರೆ ಏನೆಂದು ಇವತ್ತು ಗೊತ್ತಾಯಿತು.

ಫೆಬ್ರವರಿ 19, ಮಧ್ಯಾಹ್ನ 3.15

ಸ್ಕೂಲಿನ ಕೌನ್ಸೆಲರ್ ಮೇಡಂ ಕರೆಸಿದ್ದರು. ಇವರಿಗೆ ಇನ್‌ಸ್ಪೆಕ್ಷನ್. ನಾನೇ ಹೋದೆ. ಆಟೋದಲ್ಲಿ ಮೌನ ನನ್ನ ಪಕ್ಕ, ನಡುವೆ ಅವಳ ಬ್ಯಾಗು.  ತಲೆ ಓಡುತ್ತಿಲ್ಲ. ಆದರೂ ಬರೆಯುತ್ತೇನೆ.

ಮೇಡಂ ಸಣ್ಣ ವಯಸ್ಸಿನವರು. ನನಗೆ ನೀರು ಕೊಟ್ಟರು. ನಿಮ್ಮ ಮಗಳಿಗೆ ನೀವು ಏನು ಹೇಳಬೇಕೆಂದಿದ್ದೀರೋ ಅದನ್ನು ಈಗ, ನನ್ನ ಎದುರು ಹೇಳಿ ಎಂದರು. ನಾನು ತಮಿಳಿನಲ್ಲಿ ಶುರು ಮಾಡಿದೆ, ನಿಲ್ಲಿಸಿದೆ, ಮತ್ತೆ ಶುರು ಮಾಡಿದೆ. ಮೇಡಂಗೆ ಅರ್ಥವಾಯಿತು. "ನಿಮ್ಮ ಭಾಷೆಯಲ್ಲೇ ಹೇಳಿ ಅಮ್ಮಾ. ನನಗೆ ತಿಳಿಯದಿದ್ದರೆ ಪರವಾಗಿಲ್ಲ. ಅವಳಿಗೆ ತಿಳಿದರೆ ಸಾಕು."

ಹನ್ನೆರಡು ವರ್ಷದಲ್ಲಿ ಯಾರೂ ನನಗೆ ಹಾಗೆ ಹೇಳಿರಲಿಲ್ಲ.

ಅವಳ ಕಡೆ ತಿರುಗಿದೆ. ಬಾಯಿ ಬಿಟ್ಟದ್ದೇ ಬಂತು. "ಕೂಸೇ, ನೋಡವ್ವ ಇಲ್ಲಿ. ಸ್ಕೂಲ್ ಅಲ್ದಿದ್ರೆ ಇನ್ನೊಂದ್ ಸ್ಕೂಲು. ಅದೂ ಬ್ಯಾಡ್ವಾ, ಬ್ಯಾಡ. ನನ್ ಪಕ್ದಲ್ ಕೂತ್ಕ. ನನ್ನ ಟೈಲ್ರು ಅನ್ನು, ಆಳು ಅನ್ನು, ಏನಾರ ಅನ್ಕ. ನೀನ್ ಒಬ್ಳೇ ಡಬ್ಬಿ ಬಿಚ್ಕಂಡ್ ಉಣ್ಣೋದ್ ನೆನೀತಿದ್ರೆ ನಂಗ್ ಅನ್ನ ಗಂಟ್ಲಲ್ ಇಳಿಯಲ್ಲ ಕಣೇ. ತಪ್ಪೆಲ್ಲ ನಂದು. ನಿನ್ ಬಾಯಿ ಬರ್ಲಿ ಅಂತ ನನ್ ಬಾಯಿಗ್ ಬೀಗ ಹಾಕ್ಕಂಡೆ. ಹಾಕ್ಕಬಾರ್ದಿತ್ತು..." ಇನ್ನೂ ಎಷ್ಟೋ ಹೇಳಿದೆ. ಹೇಳುತ್ತ ಹೇಳುತ್ತ ಅಳು ಬಂತು. ದನಿ ಏರಿತು. ನಮ್ಮ ಕಡೆಯವರ ದನಿ ಮೊದಲೇ ದೊಡ್ಡದು. ಅಳುವಾಗ ಇನ್ನೂ ದೊಡ್ಡದು. ಕೈ ಬೀಸಿಕೊಂಡು ಹೇಳಿದೆ. ಎದೆ ಹಗುರವಾಯಿತು. ಎಷ್ಟೋ ವರ್ಷದ ಮೇಲೆ ನನ್ನ ಮಗಳ ಹತ್ತಿರ ಮಾತಾಡುತ್ತಿದ್ದೇನೆ ಎಂದು ಸುಖವಾಯಿತು.

ಮೌನ ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡಿದ್ದಳು. ಎರಡೂ ಕೈ ಮಡಿಲಲ್ಲಿ. ತಲೆ ತಗ್ಗಿಸಿ "ಸಾರಿಮ್ಮಾ" ಎಂದಳು. "ತಿಟ್ಟಾದೆ. ನಾಳೈಲೇರುಂದು ಪೋರೇನ್."

ಬೈಬೇಡ. ನಾಳೆಯಿಂದ ಹೋಗುತ್ತೇನೆ.

ಬೈಯುತ್ತಿಲ್ಲ ಎಂದೆ. ತಮಿಳಿನಲ್ಲಿ ಹೇಳಿದೆ, ಮತ್ತೆ ಮತ್ತೆ ಹೇಳಿದೆ. ತಲೆಯಾಡಿಸಿದಳು. ನಂಬಲಿಲ್ಲ. ನೀನೂ ಅಪ್ಪನೂ ಆ ಭಾಷೆಯಲ್ಲಿ ಜಗಳ ತಾನೇ ಆಡುವುದು ಎಂದು ಮೆಲ್ಲಗೆ ಹೇಳಿದಳು. ನಾನು ಹೇಳಿದ್ದರಲ್ಲಿ ಅವಳಿಗೆ ಹತ್ತಿದ್ದು ಸ್ಕೂಲು, ಟೈಲರು, ತಪ್ಪು. ಮಿಕ್ಕಿದ್ದೆಲ್ಲ ದನಿ.

ಮೇಡಂ ಮುಖ ಅರಳಿತ್ತು. ನಾಳೆಯಿಂದ ಬರುತ್ತಾಳಂತೆ, ನೋಡಿದಿರಾ, ತಾಯಿಭಾಷೆಯ ಪವರ್ ಎಂದು ನನ್ನ ಕೈ ಕುಲುಕಿದರು.

ಫೆಬ್ರವರಿ 20, ಬೆಳಿಗ್ಗೆ 8.40

ಹೋದಳು. ಷೂ ತಾನೇ ಕಟ್ಟಿಕೊಂಡಳು. ಬಾಗಿಲಲ್ಲಿ ನಿಂತಳು, ನನ್ನನ್ನು ನೋಡಿದಳು, ಬೇಗ ದಾಟಿಬಿಟ್ಟಳು.  ಕರೆಯೋಣ ಎನಿಸಿತು. ಯಾವ ಭಾಷೆಯಲ್ಲಿ ಕರೆದರೂ ಬೈದಂತೆ ಕೇಳಿಸುತ್ತದೆಯೇನೋ ಎಂದು ಸುಮ್ಮನಾದೆ. ಕೆಳಗೆ ಗೇಟಿನ ಸದ್ದಾಯಿತು.

ಮರಗದಂ ಅಕ್ಕ ಕೆಳಗಿನಿಂದಲೇ ಕೈ ಮುಗಿದಳು. ಇವರಿಗೆ ಹಿಡಿಸಲಾರದ ಸಂತೋಷ. ಊರಿಗೆ ಫೋನ್ ಮಾಡಿ ಅವ್ವನಿಗೂ ಹೇಳಿದರು. ಟಿಫಿನ್ ಕ್ಯಾರಿಯರ್ ಎತ್ತಿಕೊಂಡವರು ಬಾಗಿಲಿಂದ ತಿರುಗಿ ಬಂದರು. "ಎರಡ್ ತಿಂಗ್ಳಿಂದ ಯಾರ್ ಕೈಲೂ ಆಗಿರ್ಲಿಲ್ಲ. ಅಂಥದ್ದೇನ್ ಹೇಳ್ದೆ ನಾಗೂ ಅವಳಿಗೆ?"

ನಾನು ಹೇಳಿದ್ದು — ಸ್ಕೂಲು ಬೇಡವಾದರೆ ಬೇಡ, ನನ್ನ ಪಕ್ಕದಲ್ಲಿ ಕೂತ್ಕ ಎಂದು.